ನಿಯೋ ಅವತಾರಪುರುಷನೋ, ಯಂತ್ರಗಳು ನೇಮಿಸಿದ ಆಳೋ?

ಪ್ರಶ್ನೆ: ರಜೆಯಲ್ಲಿ ಮಗನ ಜೊತೆ ಕೂತು ಮ್ಯಾಟ್ರಿಕ್ಸ್ ಸರಣಿಯ ನಾಲ್ಕೂ ಸಿನಿಮಾ ನೋಡಿದೆವು. ಮೊದಲನೆಯದರಲ್ಲಿ ನಿಯೋ ಲೋಕ ಉದ್ಧಾರಕ್ಕೆ ಬಂದವನು ಎಂದಾಯಿತು. ಎರಡನೆಯದರಲ್ಲಿ ಬಿಳಿ ಗಡ್ಡದವನೊಬ್ಬ ಬಂದು, ನಿನ್ನಂಥ ಐವರು ಹಿಂದೆ ಬಂದು ಹೋಗಿದ್ದಾರೆ, ನೀನು ಆರನೆಯವನು ಅಂದುಬಿಟ್ಟ. ‘ಹಾಗಾದರೆ ಎಲ್ಲಾ ಮೋಸ’ ಅಂತಾನೆ ಮಗ. ಇದು ಕಲ್ಕಿ ಅವತಾರದ ಕಥೆ, ಯುಗಯುಗಕ್ಕೂ ಬರುತ್ತಾನೆ ಅಂತಾರೆ ನಮ್ಮ ಮನೆಯವರು. ಪಕ್ಕದ ಫ್ಲಾಟಿನ ಗೋವಾದವರು ಏಸುವಿನ ಕಥೆ ಅಂದರು. ಯಾರದು ಸರಿ? ಮತ್ತೆ, ಮೂರನೆಯದರ ಕೊನೆಗೆ ನಿಯೋ ಸತ್ತನೋ ಇಲ್ಲವೋ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಆಮೇಲೆ ಜಗ್ಗಾಡೋಣ. ನೋಡದವರಿಗಾಗಿ ಒಂದು ಮಾತು: ಯಂತ್ರಗಳು ವಿದ್ಯುತ್ತಿಗಾಗಿ ಸೆರೆಯಲ್ಲಿಟ್ಟ ಮನುಷ್ಯರ ತಲೆಯೊಳಗೆ ನಡೆಸುವ ಹುಸಿ ಲೋಕವೇ ಮ್ಯಾಟ್ರಿಕ್ಸ್; ಅದರಿಂದ ಬಿಡಿಸಲು ಬರುತ್ತಾನೆಂದು ಬಂಡುಕೋರರು ನಂಬಿದ ಉದ್ಧಾರಕನೇ ‘ಆ ಒಬ್ಬ’. ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ‘ಆ ಒಬ್ಬ ಬರುತ್ತಾನೆ’ ಎಂಬ ಭವಿಷ್ಯವಾಣಿ ಹುಟ್ಟಿದ್ದು ಯಂತ್ರಗಳ ಕಡೆಯಿಂದಲೇ. ‘ಆ ಒಬ್ಬ’ ಎನ್ನುವುದು ಒಂದು ಹುದ್ದೆ. ಅದಕ್ಕೆ ಕೆಲಸದ ಪಟ್ಟಿಯೂ ಇದೆ, ಅವಧಿಯೂ ಇದೆ. ಆದರೆ ಹುದ್ದೆ ಬೇರೆಯವರು ಹುಟ್ಟಿಸಿದ್ದು ಎಂದ ಮಾತ್ರಕ್ಕೆ ಅದರಲ್ಲಿ ಕೂತವನು ಮಾಡಿದ್ದೆಲ್ಲ ಸುಳ್ಳಾಗುವುದಿಲ್ಲ. ಮಗ ಅವಸರಪಟ್ಟದ್ದು ಅಲ್ಲಿ. ಗೋವಾದವರ ಮಾತಿಗೆ ಸಿನಿಮಾದೊಳಗೇ ಸಾಕ್ಷಿ ಸಿಗುತ್ತದೆ, ಅಲ್ಲಗಳೆಯುವಂತಿಲ್ಲ. ನಿಮ್ಮ ಮನೆಯವರ ಕಲ್ಕಿ ಮಾತ್ರ ಬಲು ದೂರ. ನಮ್ಮ ಕಥೆಗಳಲ್ಲೇ ನಿಯೋನ ನೆಂಟನನ್ನು ಹುಡುಕಬೇಕೆಂದಿದ್ದರೆ ವಿಷ್ಣುವಿನ ಹತ್ತಿರ ಹೋಗಬೇಡಿ, ಕರ್ಣನ ಹತ್ತಿರ ಹೋಗಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಅವತಾರದ ವಿಷಯ ಬೇಗ ಮುಗಿಸೋಣ. ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ‘ಯದಾ ಯದಾ ಹಿ’ ಶ್ಲೋಕಕ್ಕೆ ಸ್ವಲ್ಪ ಮೊದಲು ‘ಸಂಭವಾಮ್ಯಾತ್ಮಮಾಯಯಾ’ ಎಂಬ ಮಾತಿದೆ. ಬರುವವನು ತನ್ನ ಇಚ್ಛೆಯಿಂದ, ತನ್ನ ಮಾಯೆಯಿಂದ ಬರುತ್ತಾನೆ. ನಿಯೋ ಬಂದವನಲ್ಲ, ತಂದಿಟ್ಟವನು. ಹಗಲು ಸಾಫ್ಟ್‌ವೇರ್ ಕಂಪನಿಯ ಕೆಲಸ, ರಾತ್ರಿ ಹ್ಯಾಕಿಂಗ್. ನಡುವೆ ಏನೋ ಸರಿಯಿಲ್ಲ ಎಂಬ ಕಸಿವಿಸಿ, ಅಷ್ಟೇ ಅವನ ಬಂಡವಾಳ. ತಾನು ಯಾರೆಂದು ಗೊತ್ತಿಲ್ಲದಿರುವುದು ಅವತಾರಗಳಿಗೂ ಉಂಟಲ್ಲ ಎಂದು ನಿಮ್ಮವರು ವಾದಿಸಬಹುದು. ವಾಲ್ಮೀಕಿಯ ರಾಮ ರಾವಣನನ್ನು ಕೊಂದ ಮೇಲೂ ದೇವತೆಗಳ ಮುಂದೆ ನಿಂತು ‘ಆತ್ಮಾನಂ ಮಾನುಷಂ ಮನ್ಯೇ ರಾಮಂ ದಶರಥಾತ್ಮಜಮ್’ ಎನ್ನುತ್ತಾನೆ. ನಾನು ಮನುಷ್ಯ, ದಶರಥನ ಮಗ ರಾಮ ಅಂತಲೇ ತಿಳಿದಿದ್ದೇನೆ ಎಂದು. ಒಳ್ಳೆಯ ವಾದವೇ. ಆದರೆ ರಾಮನಿಗೆ ದೇವತೆಗಳು ಹೇಳಿದ ಸತ್ಯ ಅವನನ್ನು ಮೇಲೆ ಏರಿಸುತ್ತದೆ. ನಿಯೋಗೆ ಬಿಳಿ ಗಡ್ಡದವನು ಹೇಳಿದ ಸತ್ಯ ಅವನನ್ನು ಕೆಳಗೆ ಕೆಡವುತ್ತದೆ. ಇಡೀ ಸರಣಿ ನಿಂತಿರುವುದು ಆ ಬೀಳಿನ ಮೇಲೆ.

ಏಸುವಿನ ಗುರುತುಗಳು ಸಿನಿಮಾ ತುಂಬ ಇವೆ, ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚೇ. 1999ರ ಮೊದಲ ಚಿತ್ರದ ಶುರುವಿನಲ್ಲೇ ನಿಯೋನ ಬಾಗಿಲಿಗೆ ಬಂದ ಗಿರಾಕಿ, ನೀನೇ ನನ್ನ ರಕ್ಷಕ, ನನ್ನ ಸ್ವಂತ ಏಸು ಎನ್ನುತ್ತಾನೆ. ನಿಯೋನನ್ನು ಹುಡುಕಿ ಬಿಡಿಸುವ ಬಂಡುಕೋರ ನಾಯಕ ಮಾರ್ಫಿಯಸ್‌ನ ಹಡಗಿನ ಫಲಕದಲ್ಲಿ ‘ಮಾರ್ಕ್ ಮೂರು, ನಂಬರ್ 11’ ಎಂದಿದೆ. ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯ, 11ನೆಯ ವಚನ ತೆಗೆದು ನೋಡಿ: ದುರಾತ್ಮಗಳು ಅವನ ಕಾಲಿಗೆ ಬಿದ್ದು ನೀನು ದೇವರ ಮಗ ಎಂದು ಕೂಗುತ್ತವೆ. ಮೂರನೆಯ ಚಿತ್ರದ ಕೊನೆಯಲ್ಲಿ ನಿಯೋನ ಕೈಗಳು ಶಿಲುಬೆಯಂತೆ ಚಾಚಿಕೊಂಡಿರುವುದನ್ನು ನಿಮ್ಮ ನೆರೆಯವರು ನೋಡದೆ ಇರಲು ಸಾಧ್ಯವೇ ಇಲ್ಲ. ಇಷ್ಟೆಲ್ಲ ಇದ್ದೂ ನಾನು ಇವುಗಳಿಗೆ ಜಾಸ್ತಿ ಬೆಲೆ ಕೊಡುವುದಿಲ್ಲ. ಗುರುತು ಪತ್ತೆ ಹಚ್ಚುವುದು ಖುಷಿಯ ಆಟ, ಆದರೆ ಅದರಿಂದ ಕಥೆ ಯಾವ ಕಡೆಗೆ ತಿರುಗಿತು ಎಂಬುದು ತಿಳಿಯುವುದಿಲ್ಲ. ಸುವಾರ್ತೆಯಲ್ಲಿ ಮಗನನ್ನು ಕಳಿಸಿದ ತಂದೆ ಲೋಕವನ್ನು ಪ್ರೀತಿಸಿ ಕಳಿಸಿದವನು. ಇಲ್ಲಿ ಕಳಿಸಿದವರು ಯಾರು, ಯಾತಕ್ಕೆ? ಅದನ್ನು ಕೇಳಬೇಕು.

ಅದಕ್ಕೆ ಅಡುಗೆಮನೆಯ ದೃಶ್ಯಕ್ಕೆ ಹೋಗಬೇಕು. ಮಾಟುಂಗದಲ್ಲಿ ನಮ್ಮ ಸಣ್ಣ ಗುಂಪಿಗೆ ಸಿನಿಮಾ ತೋರಿಸುವಾಗ ನಾನು ಈ ದೃಶ್ಯವನ್ನು ಮಾತುಮಾತಿಗೆ ನಿಲ್ಲಿಸಿ ತೋರಿಸುತ್ತೇನೆ. ಜನ ಬೈದರೂ ಸರಿ. ಕಣಿ ಹೇಳುವ ಹೆಂಗಸು, ಒರಾಕಲ್, ಒವನ್‌ನಲ್ಲಿ ಬಿಸ್ಕತ್ತು ಬೇಯಿಸುತ್ತಿದ್ದಾಳೆ. ನಿಯೋ ಒಳಗೆ ಬರುತ್ತಾನೆ. ಹೂದಾನಿಯ ಬಗ್ಗೆ ಚಿಂತೆ ಮಾಡಬೇಡ ಎನ್ನುತ್ತಾಳೆ. ಯಾವ ಹೂದಾನಿ ಎಂದು ಅವನು ತಿರುಗುವಾಗ ಕೈ ತಗುಲಿ ಹೂದಾನಿ ಒಡೆಯುತ್ತದೆ. ನಾನು ಹೇಳದೇ ಇದ್ದಿದ್ದರೆ ನೀನು ಅದನ್ನು ಒಡೆಯುತ್ತಿದ್ದೆಯಾ ಎಂಬ ಪ್ರಶ್ನೆ ಮುಂದೆ ನಿನ್ನ ತಲೆ ತಿನ್ನುತ್ತದೆ ಎಂದು ನಗುತ್ತಾಳೆ. ಆಮೇಲೆ ವೈದ್ಯರಂತೆ ಬಾಯಿ ತೆರೆಸಿ ನೋಡುತ್ತಾಳೆ, ಅಂಗೈ ನೋಡುತ್ತಾಳೆ. ನಾನು ಏನು ಹೇಳಲಿದ್ದೇನೆಂದು ನಿನಗೆ ಗೊತ್ತೇ ಇದೆಯಲ್ಲ ಎನ್ನುತ್ತಾಳೆ. ‘ನಾನು ಅವನಲ್ಲ’ ಎಂಬ ಮಾತು ಬರುವುದು ನಿಯೋನ ಬಾಯಿಂದ. ಅವಳು ಹೇಳುವುದು ‘ಬೇಜಾರಾಯಿತು ಮಗೂ’ ಎಂಬಷ್ಟೇ. ನಿನಗೆ ಆ ವರ ಇದೆ, ಆದರೆ ನೀನು ಯಾವುದಕ್ಕೋ ಕಾಯುತ್ತಿರುವಂತಿದೆ. ಬಹುಶಃ ಮುಂದಿನ ಜನ್ಮಕ್ಕೆ, ಯಾರಿಗೆ ಗೊತ್ತು ಎಂದು ಸೇರಿಸುತ್ತಾಳೆ. ಇನ್ನೊಮ್ಮೆ ನೋಡಿ, ನೀನು ಅವನಲ್ಲ ಎಂದು ಅವಳು ಒಮ್ಮೆಯೂ ಹೇಳಿಲ್ಲ. ಮುಂದೆ 303ನೇ ಕೋಣೆಯ ಬಾಗಿಲಲ್ಲಿ ನಿಯೋ ಗುಂಡು ತಿಂದು ಸಾಯುತ್ತಾನೆ, ಮತ್ತೆ ಏಳುತ್ತಾನೆ. ಮುಂದಿನ ಜನ್ಮ ಬಂದಾಯಿತು. ಕಣಿ ಅಕ್ಷರಕ್ಷರ ನಿಜವಾಯಿತು.

ಒರಾಕಲ್ ಮೂವರಿಗೆ ಮೂರು ಕಣಿ ಹೇಳಿದ್ದಾಳೆ. ಮಾರ್ಫಿಯಸ್‌ಗೆ, ಆ ಒಬ್ಬನನ್ನು ಹುಡುಕುವವನು ನೀನೇ ಎಂದು. ಮಾರ್ಫಿಯಸ್‌ನ ಗುಂಪಿನ ಹೆಂಗಸು ಟ್ರಿನಿಟಿಗೆ, ನೀನು ಪ್ರೀತಿಸುವ ಗಂಡೇ ಆ ಒಬ್ಬನಾಗಿರುತ್ತಾನೆ ಎಂದು. ನಿಯೋಗೆ, ನಿನ್ನ ಪ್ರಾಣ ಅಥವಾ ಮಾರ್ಫಿಯಸ್‌ನ ಪ್ರಾಣ, ಎರಡರಲ್ಲೊಂದನ್ನು ನೀನು ಆರಿಸಬೇಕಾಗುತ್ತದೆ ಎಂದು. ಮೂರೂ ನಿಜವಾಗುತ್ತವೆ, ಆದರೆ ನಿಜವಾಗುವುದು ಕೇಳಿದವರು ಅದರಂತೆ ನಡೆದದ್ದರಿಂದ. ಮಾರ್ಫಿಯಸ್ ನಂಬಿದ್ದರಿಂದಲೇ ತನ್ನ ಜೀವ ಒಡ್ಡುತ್ತಾನೆ. ನಾನು ಸಾಮಾನ್ಯ, ಅವನು ದೊಡ್ಡವನು ಎಂದುಕೊಂಡದ್ದರಿಂದಲೇ ನಿಯೋ ಅವನನ್ನು ಬಿಡಿಸಲು ಸಾವಿನ ಬಾಯಿಗೆ ನುಗ್ಗುತ್ತಾನೆ. ನೀನೇ ಲೋಕರಕ್ಷಕ ಎಂದು ಮುಂಚೆಯೇ ಹೇಳಿದ್ದರೆ ಹೀಗೆ ಹೋಗುತ್ತಿದ್ದನೇ? ಟ್ರಿನಿಟಿ ಹೆಣದ ಕಿವಿಯಲ್ಲಿ, ನಾನು ನಿನ್ನನ್ನು ಪ್ರೀತಿಸುತ್ತೇನೆ, ಆದ್ದರಿಂದ ನೀನು ಸತ್ತಿರಲಾರೆ ಎನ್ನುತ್ತಾಳೆ. ತರ್ಕಕ್ಕೆ ಅದು ತಲೆಕೆಳಗು, ಕಥೆಗೆ ಮಾತ್ರ ಸರಿಯಾಗಿ ಕೂಡುತ್ತದೆ. ಮಾರ್ಫಿಯಸ್ ಇದನ್ನು ಚೆನ್ನಾಗಿ ಬಲ್ಲ. ನಿನಗೆ ಕೇಳಬೇಕಾದ್ದನ್ನು ಅವಳು ಹೇಳಿದಳು, ಅಷ್ಟೇ ಎಂದು ಆಮೇಲೆ ನಿಯೋಗೆ ಹೇಳುತ್ತಾನೆ. ಆದರೆ ಅದೇ ಮಾತು ತನಗೂ ಅನ್ವಯಿಸುತ್ತದೆ ಎಂದು ಆ ಮಹಾಭಕ್ತನಿಗೆ ಹೊಳೆಯುವುದಿಲ್ಲ.

ನಮ್ಮ ಕಡೆಯ ಅಜ್ಜಿಕಥೆ ನಿಮಗೆ ಗೊತ್ತಿರುತ್ತದೆ. ರಾಜ ಸತ್ತ, ವಾರಸುದಾರರಿಲ್ಲ. ಮಂತ್ರಿಗಳು ಪಟ್ಟದಾನೆಯ ಸೊಂಡಿಲಿಗೆ ಹಾರ ಕೊಟ್ಟು ಬೀದಿಗೆ ಬಿಡುತ್ತಾರೆ. ಆನೆ ಊರೆಲ್ಲ ಸುತ್ತಿ ಛತ್ರದ ಜಗಲಿಯಲ್ಲಿ ಮಲಗಿದ್ದ ಪರದೇಶಿಯ ಕೊರಳಿಗೆ ಹಾರ ಹಾಕುತ್ತದೆ. ಚಿಕ್ಕಂದಿನಲ್ಲಿ ನಾವು ಕೇಳುವುದು, ಆನೆಗೆ ಹೇಗೆ ಗೊತ್ತಾಯಿತು ಅಂತ. ಬುದ್ಧಿ ಬಂದ ಮೇಲೆ ಕೇಳಬೇಕಾದ್ದು, ಆನೆಯ ಮಾವುತನಿಗೆ ಸಂಬಳ ಕೊಡುವವರು ಯಾರು ಅಂತ. ಮೊದಲ ಮ್ಯಾಟ್ರಿಕ್ಸ್ ಆನೆಯ ಕಥೆ. 2003ರಲ್ಲಿ ಬಂದ ಎರಡನೆಯದು, ‘ರಿಲೋಡೆಡ್’, ಮಾವುತನ ಕಥೆ.

ಆ ಮಾವುತನೇ ನೀವು ಹೇಳಿದ ಬಿಳಿ ಗಡ್ಡದವನು, ಆರ್ಕಿಟೆಕ್ಟ್. ಗೋಡೆ ತುಂಬ ಟಿವಿ ಪರದೆಗಳ ನಡುವೆ ಕುರ್ಚಿಯಲ್ಲಿ ಕೂತಿದ್ದಾನೆ. (ಮೊದಲ ಚಿತ್ರದಲ್ಲಿ ಮ್ಯಾಟ್ರಿಕ್ಸ್ ಕಾಯುವ ಏಜೆಂಟ್ ಸ್ಮಿತ್ ನಿಯೋನನ್ನು ವಿಚಾರಣೆಗೆ ಕೂರಿಸುವ ದೃಶ್ಯ ಶುರುವಾಗುವುದೂ ಇಂಥದೇ ಪರದೆಗಳ ಗೋಡೆಯಿಂದ, ಕ್ಯಾಮೆರಾ ಒಂದು ಪರದೆಯೊಳಗೆ ನುಗ್ಗಿ ಕೋಣೆಗೆ ಇಳಿಯುತ್ತದೆ. ಮಗನಿಗೆ ತೋರಿಸಿ, ಖುಷಿಪಡುತ್ತಾನೆ.) ಅವನ ಇಂಗ್ಲಿಷ್ ಕೇಳಿ 2003ರಲ್ಲಿ ಇಂಗ್ಲಿಷ್ ಬಲ್ಲವರೂ ತಲೆ ಕೆರೆದುಕೊಂಡರು. ಹೇಳುವ ವಿಷಯ ಮಾತ್ರ ಸರಳ. ಮೊದಲು ಕಟ್ಟಿದ ಮ್ಯಾಟ್ರಿಕ್ಸ್ ಪರಿಪೂರ್ಣವಾಗಿತ್ತು, ಮನುಷ್ಯರು ಒಪ್ಪಲಿಲ್ಲ, ಕುಸಿಯಿತು. ಮನುಷ್ಯರ ಚರಿತ್ರೆಯ ಕ್ರೌರ್ಯವನ್ನೆಲ್ಲ ಹಾಕಿ ಇನ್ನೊಂದು ಕಟ್ಟಿದರು, ಅದೂ ಕುಸಿಯಿತು. ಆಗ ಒರಾಕಲ್ ಎಂಬ ಪ್ರೋಗ್ರಾಂ ಮನುಷ್ಯರ ಮನಸ್ಸನ್ನು ಓದಿ ಮದ್ದು ಕಂಡುಹಿಡಿಯಿತು: ಆಯ್ಕೆಯ ಅವಕಾಶ ಕೊಡಿ, ಅದು ಅವರ ಅರಿವಿಗೆ ಬಾರದಿದ್ದರೂ ಸಾಕು, ಶೇಕಡ 99 ಮಂದಿ ಒಪ್ಪಿಕೊಳ್ಳುತ್ತಾರೆ. ಉಳಿದ ಒಂದು ಭಾಗ? ಅವರೇ ಒಪ್ಪದವರು, ಏನೋ ಸರಿಯಿಲ್ಲ ಎಂದು ಒದ್ದಾಡುವವರು. ಹಾಗೆ ಬಿಟ್ಟರೆ ವ್ಯವಸ್ಥೆಯೇ ಕುಸಿದೀತು. ಅವರು ಓಡಿಹೋಗಿ ನೆಲದಡಿಯಲ್ಲಿ ಕಟ್ಟಿಕೊಂಡ ಊರು ಝಯಾನ್. ಆ ಅತೃಪ್ತಿಯೆಲ್ಲ ಕೂಡಿ ಕೂಡಿ ಕೊನೆಗೆ ಒಬ್ಬನಲ್ಲಿ ಬಂದು ನಿಲ್ಲುತ್ತದೆ. ಅವನೇ ‘ಆ ಒಬ್ಬ’.

ಅವನ ಕೆಲಸವೂ ಗೊತ್ತುಪಡಿಸಿದ್ದು. ‘ಮೂಲ’ ಎಂಬ ಯಂತ್ರಗಳ ಕೇಂದ್ರಕ್ಕೆ ಮರಳಿ ತನ್ನೊಳಗಿನ ಕೋಡ್ ಒಪ್ಪಿಸಬೇಕು, ವ್ಯವಸ್ಥೆ ಹೊಸದಾಗಿ ಶುರುವಾಗಬೇಕು. ಝಯಾನ್ ನಾಶವಾಗುತ್ತದೆ, ಅದನ್ನು ಮತ್ತೆ ಕಟ್ಟಲು ಅವನು 23 ಮಂದಿಯನ್ನು, 16 ಹೆಂಗಸರು, 7 ಗಂಡಸರನ್ನು, ಆರಿಸಿಕೊಳ್ಳಬೇಕು. ಒಪ್ಪದಿದ್ದರೆ ಮ್ಯಾಟ್ರಿಕ್ಸ್‌ಗೆ ಜೋಡಿಸಿದ ಮನುಷ್ಯರೆಲ್ಲ ಸಾಯುತ್ತಾರೆ. ಹಿಂದಿನ ಐವರೂ ಒಪ್ಪಿದರು. ಯಾರಾದರೂ ಒಪ್ಪಬೇಕಾದಂಥ ಲೆಕ್ಕವೇ ಅದು: ಎಲ್ಲರೂ ಸಾಯುವುದೋ, ಕೆಲವರಾದರೂ ಉಳಿಯುವುದೋ?

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಮೊದಲ ಚಿತ್ರದಲ್ಲಿ ಮಾರ್ಫಿಯಸ್ ಭಕ್ತಿಯಿಂದ ಒಂದು ಐತಿಹ್ಯ ಹೇಳುತ್ತಾನೆ. ಮ್ಯಾಟ್ರಿಕ್ಸ್ ಕಟ್ಟಿದ ಕಾಲದಲ್ಲಿ ಅದರೊಳಗೆ ಒಬ್ಬ ಹುಟ್ಟಿದ್ದ, ಅವನಿಗೆ ಬೇಕಾದ್ದನ್ನು ಬದಲಿಸುವ ಶಕ್ತಿ ಇತ್ತು, ನಮ್ಮಲ್ಲಿ ಮೊದಲಿಗರನ್ನು ಬಿಡಿಸಿದವನು ಅವನೇ, ಅವನು ಸತ್ತ ಮೇಲೆ ಮತ್ತೆ ಬರುತ್ತಾನೆಂದು ಒರಾಕಲ್ ಹೇಳಿದಳು ಎಂದು. ಇದನ್ನು ಆರ್ಕಿಟೆಕ್ಟ್‌ನ ಮಾತಿನ ಪಕ್ಕ ಇಟ್ಟು ಓದಿ. ಝಯಾನಿನವರು ಮೂಲಪುರುಷ ಎಂದು ನೆನೆಯುವ ಆ ಮಹಾತ್ಮ ಯಾರಾಗಿರಬೇಕು? ಹಿಂದಿನ ‘ಆ ಒಬ್ಬ’. ಯಂತ್ರಗಳ ಷರತ್ತಿಗೆ ಒಪ್ಪಿ, ಹಳೆಯ ಊರು ಸಾಯಲು ಬಿಟ್ಟು, 23 ಮಂದಿಯನ್ನು ಕರೆದುಕೊಂಡು ಹೊರಬಂದವನು. ಉಳಿದವರು ಅವನನ್ನು ಬಿಡಿಸಿದವನು ಎಂದರು. ಸತ್ತವರು ಏನನ್ನುತ್ತಿದ್ದರೋ ಹೇಳಲು ಯಾರೂ ಉಳಿದಿರಲಿಲ್ಲ. ನಿಮ್ಮ ಮಗ ಮೋಸ ಎಂದದ್ದು ಸರಿಯಾಗಿ ಹೊಂದುವುದು ಈ ಐತಿಹ್ಯಕ್ಕೆ. ನಿರ್ದೇಶಕಿಯರಾದ ಲಾನಾ ಮತ್ತು ಲಿಲಿ ವಾಚೌಸ್ಕಿ ಇದನ್ನು ಬಾಯಿಬಿಟ್ಟು ಹೇಳಿಲ್ಲ, ಎರಡು ಚಿತ್ರಗಳಲ್ಲಿ ಎರಡು ತುಂಡು ಇಟ್ಟು ಸುಮ್ಮನಾಗಿದ್ದಾರೆ. ನನಗೆ ಇಡೀ ಸರಣಿಯಲ್ಲಿ ಅತ್ಯಂತ ಕಹಿಯಾಗಿ, ಅತ್ಯಂತ ಚಂದವಾಗಿ ಕಂಡ ಜಾಗ ಇದೇ.

ಈಗ ಕರ್ಣನ ಮಾತು. ಡೊಂಬಿವಲಿಯಲ್ಲಿದ್ದೀರಿ, ಆ ಕಡೆ ಮಳೆಗಾಲದಲ್ಲಿ ತಾಳಮದ್ದಳೆ ಕೇಳಿಯೇ ಇರುತ್ತೀರಿ. ‘ಕರ್ಣಭೇದನ’ ಪ್ರಸಂಗ ನೆನಪು ಮಾಡಿಕೊಳ್ಳಿ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆಯುತ್ತಾನೆ. ಕುಮಾರವ್ಯಾಸನಲ್ಲಿ ‘ಇನತನೂಜನ ಕೂಡೆ ಮೈದುನತನದ ಸರಸವನೆಸಗಿ’ ರಥದಲ್ಲಿ ತನ್ನ ಪಕ್ಕ ಕೂರಿಸಿಕೊಳ್ಳುತ್ತಾನೆ. ನೀನು ಸೂತಪುತ್ರನಲ್ಲ, ಪಾಂಡವರಿಗೆ ಅಣ್ಣ, ರಾಜ್ಯ ನಿನ್ನದು ಎಂದು ಹುಟ್ಟಿನ ಗುಟ್ಟು ಬಿಚ್ಚುತ್ತಾನೆ. ‘ಎಡದ ಮೈಯಲಿ ಕೌರವೇಂದ್ರರ ಗಡಣ, ಬಲದಲಿ ಪಾಂಡುತನಯರ ಗಡಣ’, ನಡುವೆ ಸಿಂಹಾಸನದಲ್ಲಿ ನೀನು ಎಂದು ಆಸೆಯ ಚಿತ್ರ ಬರೆಯುತ್ತಾನೆ. ಆರ್ಕಿಟೆಕ್ಟ್ ಕೂಡ ಎಡ ಬಲ ತೋರಿಸುತ್ತಾನೆ ನೋಡಿ. ಬಲದ ಬಾಗಿಲಿನಾಚೆ ಮೂಲ, ಝಯಾನಿನ ಪುನರಾರಂಭ. ಎಡದ ಬಾಗಿಲಿನಾಚೆ ಮ್ಯಾಟ್ರಿಕ್ಸ್, ಅಲ್ಲಿ ಮೇಲಿಂದ ಬೀಳುತ್ತಾ ಸಾವಿನ ದಾರಿಯಲ್ಲಿರುವ ಟ್ರಿನಿಟಿ, ಆಮೇಲೆ ಮನುಕುಲದ ಕೊನೆ.

ಕರ್ಣನಿಗೆ ಗುಟ್ಟು ತಿಳಿದಾಗ ಆನಂದವಾಗುವುದಿಲ್ಲ. ‘ವಂಶವನರುಹಿ ಕೊಂದನು’ ಎಂದು ಒಳಗೇ ಬೇಯುತ್ತಾನೆ. ಹುಟ್ಟು ತಿಳಿಸಿಯೇ ಕೊಂದುಬಿಟ್ಟ, ಬಾಣ ಬೇಕಾಗಲಿಲ್ಲ. ಆರ್ಕಿಟೆಕ್ಟ್ ಮಾಡುವುದೂ ಅದನ್ನೇ. ಒಂದು ಸುಳ್ಳನ್ನೂ ಹೇಳದೆ, ಬರಿಯ ಸತ್ಯ ಹೇಳಿ ನಿಯೋನ ಕೈಕಾಲು ಮುರಿಯುತ್ತಾನೆ. ಆಮೇಲೆ ಕರ್ಣನ ಉತ್ತರ: ‘ಮರುಳು ಮಾಧವ ಮಹಿಯ ರಾಜ್ಯದ ಸಿರಿಗೆ ಸೋಲುವನಲ್ಲ.’ ಹುಟ್ಟಿನಿಂದ ಬಂದ ಜಾಗ ದೊಡ್ಡದೇ ಇರಬಹುದು. ನನ್ನನ್ನು ಹೊರೆದವನೊಬ್ಬ ಇದ್ದಾನೆ, ನಾನು ಅವನ ಕಡೆ. ನಿಯೋ ಅಷ್ಟು ಮಾತೂ ಆಡುವುದಿಲ್ಲ, ಎಡದ ಬಾಗಿಲಿನತ್ತ ನಡೆಯುತ್ತಾನೆ. ಹಿಂದಿನ ಐವರಿಗೂ ಮನುಷ್ಯರ ಮೇಲೆ ಮಮತೆ ಇತ್ತು, ಆದರೆ ಅದು ಸಾಮಾನ್ಯವಾಗಿತ್ತು, ನಿನ್ನದು ಬಹಳ ನಿರ್ದಿಷ್ಟ ಎಂದು ಆರ್ಕಿಟೆಕ್ಟ್ ಮೊದಲೇ ಗಮನಿಸಿದ್ದಾನೆ. ಮನುಕುಲವನ್ನು ಪ್ರೀತಿಸುವವನನ್ನು ಲೆಕ್ಕ ತೋರಿಸಿ ಬಗ್ಗಿಸಬಹುದು: ಇಷ್ಟು ಕೋಟಿ ಸಾವು, ಇಷ್ಟು ಮಂದಿ ಉಳಿವು. ಒಬ್ಬಳನ್ನು ಪ್ರೀತಿಸುವವನ ಮುಂದೆ ಆ ಲೆಕ್ಕ ನಡೆಯುವುದಿಲ್ಲ. ಹುದ್ದೆ ಅವನಿಂದ ಜಾರಿಹೋದದ್ದು ಆ ಕ್ಷಣದಲ್ಲಿ. ಹೊರಬಂದು ಮಾರ್ಫಿಯಸ್‌ಗೆ ಹೇಳುತ್ತಾನೆ, ಭವಿಷ್ಯವಾಣಿ ಸುಳ್ಳು, ಅದು ನಮ್ಮನ್ನು ಹತೋಟಿಯಲ್ಲಿಡುವ ಇನ್ನೊಂದು ಉಪಾಯ ಎಂದು. ಮಾರ್ಫಿಯಸ್‌ನ ಮುಖ ಅಲ್ಲಿ ಬಿದ್ದುಹೋಗುವುದನ್ನು ನೋಡಬೇಕು. ಆ ಪಾತ್ರ ಮಾಡಿದ ಲಾರೆನ್ಸ್ ಫಿಷ್‌ಬರ್ನ್ ಆ ಒಂದು ದೃಶ್ಯಕ್ಕೇ ನೆನಪಿರುತ್ತಾರೆ.

ಇಬ್ಬರಿಗೂ ವ್ಯತ್ಯಾಸ ಇಲ್ಲದಿಲ್ಲ. ಕರ್ಣ ಒಪ್ಪಲಿಲ್ಲ, ಯುದ್ಧ ನಡೆದೇ ನಡೆಯಿತು, ಅವನ ನಿರಾಕರಣೆ ಯಾರನ್ನೂ ಉಳಿಸಲಿಲ್ಲ. ಅರ್ಥಧಾರಿಗಳು ಇವತ್ತಿಗೂ ರಾತ್ರಿಯಿಡೀ ಜಗಳಾಡುವುದು ಅದಕ್ಕೇ: ಅವನು ಮಾಡಿದ್ದು ನಿಷ್ಠೆಯೋ ಹಟವೋ? ನಿಯೋನ ನಿರಾಕರಣೆ ಮಾತ್ರ ಯುದ್ಧದ ದಿಕ್ಕನ್ನೇ ಬದಲಿಸಿತು. ಹೀಗೆ ಬದಲಿಸಿಕೊಡುವುದು ಹಾಲಿವುಡ್‌ನ ಔದಾರ್ಯ ಎಂದು ಯಾರಾದರೂ ಮೂಗು ಮುರಿದರೆ ನಾನು ತಡೆಯುವುದಿಲ್ಲ. ನನಗೆ ಕರ್ಣನ ಕಥೆಯೇ ದೊಡ್ಡದು.

ಅದೇ ವರ್ಷದ ನವೆಂಬರಿನಲ್ಲಿ ಬಂದ ಮೂರನೆಯದು, ‘ರೆವಲ್ಯೂಷನ್ಸ್’. ಝಯಾನಿನ ಹಡಗುಕಟ್ಟೆಯ ಕಾಳಗ ತೀರಾ ಉದ್ದ; ಚಹಾ ಮಾಡಿಕೊಂಡು ಬರಲು ಒಳ್ಳೆಯ ಸಮಯ. ಆದರೆ ಮೊದಲ ಭಾಗದ ರೈಲ್ವೆ ಸ್ಟೇಷನ್ ದೃಶ್ಯ ಬಿಡಬೇಡಿ. ಯಂತ್ರಲೋಕಕ್ಕೂ ಮ್ಯಾಟ್ರಿಕ್ಸ್‌ಗೂ ನಡುವಿನ ಖಾಲಿ ನಿಲ್ದಾಣದಲ್ಲಿ ನಿಯೋ ಸಿಕ್ಕಿಬಿದ್ದಿದ್ದಾನೆ. ಅಲ್ಲಿ ರಾಮ-ಕಾಂಡ್ರ, ಕಮಲಾ, ಸತಿ ಎಂಬ ಮಗಳು, ಹೀಗೊಂದು ಭಾರತೀಯ ಕುಟುಂಬ ರೈಲಿಗೆ ಕಾಯುತ್ತಿದೆ. ಮೂವರೂ ಪ್ರೋಗ್ರಾಂಗಳು. ಯಾವ ಉಪಯೋಗವೂ ಇಲ್ಲದೆ ಹುಟ್ಟಿದ ಮಗಳನ್ನು ಅಳಿಸಿಹಾಕುತ್ತಾರೆಂಬ ಭಯಕ್ಕೆ ಅಪ್ಪ ಅವಳನ್ನು ಕದ್ದು ಸಾಗಿಸುತ್ತಿದ್ದಾನೆ. ಪ್ರೋಗ್ರಾಂ ಒಂದು ಪ್ರೀತಿಯ ಮಾತಾಡುವುದನ್ನು ಕೇಳಿ ನಿಯೋ ಬೆರಗಾಗುತ್ತಾನೆ. ಕರ್ಮ ಎಂದರೆ ನಾನು ಮಾಡಲು ಬಂದದ್ದು ಎಂದು ರಾಮ-ಕಾಂಡ್ರ ಶಾಂತವಾಗಿ ಹೇಳುತ್ತಾನೆ. ನೀವು ಮುಂಬಯಿಯ ಲೋಕಲ್ ಪ್ಲಾಟ್‌ಫಾರಮ್ಮಿನಲ್ಲಿ ದಿನಾ ನಿಲ್ಲುವವರು. ಅಷ್ಟು ಸ್ವಚ್ಛ, ಅಷ್ಟು ಖಾಲಿ ಸ್ಟೇಷನ್ ನೋಡಿದೊಡನೆ ಇದು ಈ ಲೋಕದ್ದಲ್ಲ ಎಂದು ಗೊತ್ತಾಗಿರಬೇಕು. ಇರಲಿ. ಈ ದೃಶ್ಯದ ಕೆಲಸ ದೊಡ್ಡದು. ಅಲ್ಲಿಯವರೆಗೆ ಯಂತ್ರ ಎಂದರೆ ಶತ್ರು. ನಿಯೋ ಒಬ್ಬಳಿಗಾಗಿ ಲೆಕ್ಕ ಮುರಿದವನು. ಈ ಅಪ್ಪನೂ ಒಬ್ಬಳಿಗಾಗಿ ಲೆಕ್ಕ ಮುರಿದವನೇ. ಕೊನೆಗೆ ನಿಯೋ ಗೆಲುವನ್ನು ಬಿಟ್ಟು ಸಂಧಾನ ಕೇಳುವುದು ಯಾಕೆ ಎಂಬುದಕ್ಕೆ ಬೀಜ ಇಲ್ಲಿದೆ.

ಸಂಧಾನ ಹೇಗೆ? ಸ್ಮಿತ್ ಎಂಬ ಪ್ರೋಗ್ರಾಂ ಯಂತ್ರಗಳ ಕೈಮೀರಿ ಎಲ್ಲರನ್ನೂ ತನ್ನ ನಕಲು ಮಾಡಿಕೊಳ್ಳುತ್ತಾ ಹೋಗಿದ್ದಾನೆ. ಕಣ್ಣು ಕಳೆದುಕೊಂಡ ನಿಯೋ ಯಂತ್ರನಗರಿಗೆ ಹೋಗಿ, ಅವನನ್ನು ನಾನು ನಿಲ್ಲಿಸುತ್ತೇನೆ, ಬದಲಿಗೆ ಶಾಂತಿ ಬೇಕು ಎನ್ನುತ್ತಾನೆ. ಅಷ್ಟು ಹೊತ್ತಿಗೆ ಟ್ರಿನಿಟಿ ಸತ್ತಿದ್ದಾಳೆ. ಮಳೆಯಲ್ಲಿ ಹೊಡೆದಾಟ, ಯಾಕೆ ಮತ್ತೆ ಮತ್ತೆ ಏಳುತ್ತೀಯ ಎಂದು ಸ್ಮಿತ್ ಕಿರುಚುತ್ತಾನೆ. ಏಳಬೇಕೆಂದು ನಾನು ಆರಿಸಿಕೊಂಡಿದ್ದೇನೆ ಎಂಬುದು ನಿಯೋನ ಉತ್ತರ. ಗಮನಿಸಿ, ಆರಿಸಲ್ಪಟ್ಟವನು ಎಂದು ಎಲ್ಲರೂ ಕರೆದವನು ಕೊನೆಗೆ ತನ್ನ ಬಗ್ಗೆ ಹೇಳಿಕೊಳ್ಳುವುದು ಇಷ್ಟು. ಆಮೇಲೆ ಹೊಡೆಯುವುದನ್ನೇ ನಿಲ್ಲಿಸಿ ಸ್ಮಿತ್ ತನ್ನನ್ನು ನುಂಗಲು ಬಿಡುತ್ತಾನೆ. ನಿಯೋನ ದೇಹ ಯಂತ್ರಗಳಿಗೆ ಜೋಡಿಸಿರುವುದರಿಂದ ಆ ದಾರಿಯಲ್ಲೇ ಯಂತ್ರಗಳು ಸ್ಮಿತ್‌ನನ್ನು ಅಳಿಸಿಹಾಕುತ್ತವೆ. ‘ಮುಗಿಯಿತು’ ಎಂದು ಯಂತ್ರದ ದೊಡ್ಡ ಮುಖ ಹೇಳುವುದು ಶಿಲುಬೆಯ ಮೇಲಿನ ಕೊನೆಯ ಮಾತಿನ ನೆನಪು ತರುತ್ತದೆ, ಗೋವಾದವರಿಗೆ ಅಷ್ಟು ಅಂಕ ಕೊಡೋಣ. ನಿಮ್ಮ ಯಜಮಾನರಿಗೂ ಸಮಾಧಾನಕ್ಕೊಂದಿದೆ: ಆ ಕಾಳಗದ ಹಿನ್ನೆಲೆಯ ಕೋರಸ್‌ನಲ್ಲಿ, ಮತ್ತೆ ಕೊನೆಯಲ್ಲಿ ಹೆಸರುಗಳು ಓಡುವಾಗ ಕೇಳುವ ಸಂಗೀತದಲ್ಲಿ ಇರುವುದು ಬೃಹದಾರಣ್ಯಕ ಉಪನಿಷತ್ತಿನ ‘ಅಸತೋ ಮಾ ಸದ್ಗಮಯ’. ನಮ್ಮ ಗುಂಪಿನಲ್ಲಿ ಅದು ಬಂದಾಗ ಹಿರಿಯರೊಬ್ಬರು ಅಭ್ಯಾಸಬಲದಿಂದ ಕೈ ಮುಗಿದೇಬಿಟ್ಟರು.

ಇನ್ನೂ ಒಂದು ಗಂಟು ಉಳಿಯಿತು. ಒರಾಕಲ್ ಯಂತ್ರಗಳ ಪ್ರೋಗ್ರಾಂ. ಆರ್ಕಿಟೆಕ್ಟ್ ತನ್ನನ್ನು ಮ್ಯಾಟ್ರಿಕ್ಸ್‌ನ ತಂದೆ ಎಂದರೆ ಅವಳನ್ನು ತಾಯಿ ಎನ್ನುತ್ತಾನೆ. ಹಾಗಾದರೆ ನಿಯೋ ಹುದ್ದೆಯನ್ನು ಧಿಕ್ಕರಿಸಿದ್ದೂ ಅವಳು ಹೂಡಿದ ಆಟವೇ? ಟ್ರಿನಿಟಿಗೆ ಪ್ರೀತಿಯ ಕಣಿ ಹೇಳಿದವಳು ಅವಳೇ ತಾನೆ? ನಿಮ್ಮ ಮಗ ಇದನ್ನು ಕೇಳಿದರೆ ಶಹಬ್ಬಾಸ್ ಹೇಳಿ. ನಾನು ಇದಕ್ಕೆ ಮೂರನೆಯ ಚಿತ್ರದ ಕೊನೆಯ ಮಾತನ್ನೇ ಹಿಡಿಯುತ್ತೇನೆ. ಹೀಗಾಗುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಅವಳ ಕಾವಲುಗಾರ ಸೆರಾಫ್ ಕೇಳುತ್ತಾನೆ. ಇಲ್ಲ, ಗೊತ್ತಿರಲಿಲ್ಲ, ನಂಬಿದ್ದೆ ಎನ್ನುತ್ತಾಳೆ ಒರಾಕಲ್. ಹೂದಾನಿ ಒಡೆಯುವುದನ್ನು ಕಂಡವಳಿಗೆ ಇದು ಕಾಣಲಿಲ್ಲ. ಅವಳು ದಾರಿ ಸಿದ್ಧ ಮಾಡಿದಳು, ಎಡಕ್ಕೆ ತಿರುಗಿದ್ದು ಅವನೇ. ಇಷ್ಟು ಜಾಗ ಸಿನಿಮಾ ಬಿಟ್ಟಿದೆ, ನನಗೆ ಅಷ್ಟು ಸಾಕು. ಸಾಲದು ಎನ್ನುವವರೂ ಇದ್ದಾರೆ, ಅವರ ವಾದ ಹುರುಳಿಲ್ಲದ್ದಲ್ಲ.

ಮಗನಿಗೆ ಇದೇ ಜಾಡಿನಲ್ಲಿ ಮುಂದೇನಾದರೂ ಬೇಕಿದ್ದರೆ ಡೆನಿ ವಿಲ್‌ನವ್ ಮಾಡಿದ ‘ಡ್ಯೂನ್’ ತೋರಿಸಿ, 2021 ಮತ್ತು 2024ರ ಎರಡು ಭಾಗ. ಫ್ರ್ಯಾಂಕ್ ಹರ್ಬರ್ಟ್‌ನ 1965ರ ಕಾದಂಬರಿಯಿಂದ ಬಂದದ್ದು. ಅಲ್ಲಿ ಮಾವುತರು ಯಾರೆಂದು ಮುಚ್ಚುಮರೆಯೇ ಇಲ್ಲ: ಬೆನೆ ಜೆಸರಿಟ್ ಎಂಬ ಹೆಂಗಸರ ಪಂಥ ತಲೆಮಾರುಗಳ ಹಿಂದೆಯೇ ಮರುಭೂಮಿಯ ಜನರಲ್ಲಿ ಉದ್ಧಾರಕನ ಕಥೆ ಬಿತ್ತಿ ಬಂದಿದೆ. ಕಥಾನಾಯಕ ಪೌಲ್‌ಗೆ ಇದು ಬಿತ್ತಿದ ಕಥೆ ಎಂದು ಗೊತ್ತು. ಗೊತ್ತಿದ್ದೂ ಆ ಪೀಠ ಏರುತ್ತಾನೆ. ನಿಯೋ ಗೊತ್ತಾದ ಮೇಲೆ ಇಳಿದವನು. ಸ್ಟಿಲ್ಗರ್ ಎಂಬ ಭಕ್ತನ ತರ್ಕ ನಗು ತರಿಸುತ್ತದೆ, ಸ್ವಲ್ಪ ಹೆದರಿಕೆಯನ್ನೂ: ನಾನು ಅವನಲ್ಲ ಎಂದು ಪೌಲ್ ಹೇಳಿದರೆ, ಎಂಥ ವಿನಯ, ಹಾಗಾದರೆ ಅವನೇ ಎನ್ನುತ್ತಾನೆ. ಅಂಥ ಭಕ್ತರನ್ನು ನಾವು ನೋಡದವರೇನಲ್ಲ. ಕೊನೆಗೆ ಪೌಲ್‌ನ ಪ್ರೇಯಸಿ ಚಾನಿ ಒಬ್ಬಳೇ ತಲೆಬಾಗದೆ ಹೊರಟುಹೋಗುವುದು ಸಿನಿಮಾದವರು ಮಾಡಿದ ಬದಲಾವಣೆ, ಕಾದಂಬರಿಯಲ್ಲಿ ಹಾಗಿಲ್ಲ. ‘ಸ್ಟಾರ್ ವಾರ್ಸ್’ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ. 1977ರಿಂದ 1983ರವರೆಗಿನ ಮೊದಲ ಮೂರು ಚಿತ್ರಗಳಲ್ಲಿ ಮುಂದೆ ಖಳ ಡಾರ್ತ್ ವೇಡರ್ ಆಗುವ ಅನಾಕಿನ್ ಬಗ್ಗೆ ಭವಿಷ್ಯವಾಣಿಯೇ ಇರಲಿಲ್ಲ. 1999ರಲ್ಲಿ ಹಿಂದಿನ ಕಥೆ ಹೇಳಲು ಹೊರಟಾಗ ಅದು ಬಂದು ಸೇರಿತು. ತಂದೆಯಿಲ್ಲದ ಹುಟ್ಟು, ರಕ್ತದಲ್ಲಿ ಶಕ್ತಿಯ ಅಳತೆ, ಎಲ್ಲ ಆಗಿನದೇ. ಆ ಭವಿಷ್ಯವಾಣಿಯನ್ನು ತಪ್ಪಾಗಿ ಓದಿರಬಹುದು ಎಂದು ಮುದಿ ಗುರು ಯೋಡಾ 2005ರ ಚಿತ್ರದಲ್ಲಿ ಹೇಳುವ ಒಂದು ಮಾತು ಮಾತ್ರ ಚೆನ್ನಾಗಿದೆ.

ನಿಮ್ಮ ಕೊನೆಯ ಪ್ರಶ್ನೆ. ‘ರೆವಲ್ಯೂಷನ್ಸ್’ ಒಂದನ್ನೇ ನೋಡಿದರೆ ಉತ್ತರ ಬೇಕೆಂದೇ ಬಿಟ್ಟದ್ದು. ಯಂತ್ರಗಳು ನಿಯೋನ ದೇಹವನ್ನು ಗೌರವದಿಂದ ಎತ್ತಿಕೊಂಡು ಹೋಗುತ್ತವೆ, ಉಸಿರಿದೆಯೋ ಇಲ್ಲವೋ ತೋರಿಸುವುದಿಲ್ಲ. ಅವನನ್ನು ಮತ್ತೆ ನೋಡುತ್ತೇವಾ ಎಂದು ಸತಿ ಕೇಳಿದಾಗ, ನೋಡಬಹುದು, ಯಾವತ್ತಾದರೊಂದು ದಿನ ಎನ್ನುತ್ತಾಳೆ ಒರಾಕಲ್. 2021ರಲ್ಲಿ ಲಾನಾ ಒಬ್ಬರೇ ನಿರ್ದೇಶಿಸಿದ ನಾಲ್ಕನೆಯದು, ‘ರಿಸರೆಕ್ಷನ್ಸ್’, ಆ ಸಂದೇಹ ತೀರಿಸುತ್ತದೆ: ಯಂತ್ರಗಳು ನಿಯೋ, ಟ್ರಿನಿಟಿ ಇಬ್ಬರ ದೇಹವನ್ನೂ ರಿಪೇರಿ ಮಾಡಿ, ಹತ್ತಿರವೂ ಅಲ್ಲದ ದೂರವೂ ಅಲ್ಲದ ಅಂತರದಲ್ಲಿ ಇಟ್ಟು ಅವರ ಹಂಬಲದಿಂದಲೇ ವಿದ್ಯುತ್ ಹಿಂಡುತ್ತಿವೆ. ಚಿತ್ರದ ಮೊದಲರ್ಧ ಚುರುಕು, ಹೊಡೆದಾಟಗಳು ಸಪ್ಪೆ. ಆದರೆ ಕೊನೆಗೆ ಇಬ್ಬರೂ ಕಟ್ಟಡದ ಮೇಲಿಂದ ಜಿಗಿದಾಗ ನಿಯೋಗೆ ಹಾರಲಾಗುವುದಿಲ್ಲ. ಹಾರುವವಳು ಟ್ರಿನಿಟಿ, ಅವನ ಕೈ ಹಿಡಿದುಕೊಂಡು. ಹಾಗಾದರೆ ‘ಆ ಒಬ್ಬ’ ಮೊದಲಿಂದಲೂ ಒಬ್ಬನೇ ಆಗಿದ್ದನೇ ಎಂದು ನಿಮ್ಮ ಮಗನನ್ನು ಕೇಳಿ ನೋಡಿ, ಅವನು ಏನು ಹೇಳುತ್ತಾನೋ ನನಗೂ ಬರೆಯಿರಿ.